ಸಹಪಾಠಿಗಳೂ ಶಬ್ದಾರ್ಥಪರೀಕ್ಷೆಯೂ

ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಬರುವ ದಾರಿಯಲ್ಲಿ ಊರನ್ನು ಬಿಟ್ಟ ಸ್ವಲ್ಪ ಹೊತ್ತಿನಲ್ಲಿಯೇ ಬಾಶೆಟ್ಟಿಹಳ್ಳಿ ಸಿಕ್ಕುತ್ತದೆ. ಹೊಲಗಳ ನಡುವಣ ಹಳ್ಳಿಯಾಗಿದ್ದ ಈ ಸ್ಥಳವು ಕೈಗಾರಿಕಾ ಪ್ರದೇಶವಾಗಿ ಬೆಳೆದು ಈಗ ಪಟ್ಟಣ ಪಂಚಾಯಿತಿಯೆನಿಸಿದೆ. ಪಕ್ಕದ ದೊಡ್ಡಬಳ್ಳಾಪುರವೋ ಮಗ್ಗಗಳ ಊರು. ಹೀಗಾಗಿ ಬೇಸಾಯಗಾರರ ಮಕ್ಕಳು, ನೇಕಾರರ ಮಕ್ಕಳು, ದೂರದ ಸೀಮೆಗಳಿಂದ ಕಾರ್ಖಾನೆಯ ಕೆಲಸಕ್ಕೆಂದು ಬಂದವರ ಮಕ್ಕಳು ಇಲ್ಲಿ ಒಂದೇ ಸಾಲಿನಲ್ಲಿ ಕುಳಿತು ಕನ್ನಡವನ್ನು ಓದುತ್ತಾರೆ. ಮನೆಯ ಮಾತು ಕೆಲವರದು ಕನ್ನಡ, ಕೆಲವರದು ತೆಲುಗು, ಕೆಲವರದು ಉರ್ದು, ಮತ್ತೆ ಕೆಲವರದು ಹಿಂದಿ.

ಮಾರ್ಚಿ ತಿಂಗಳಿನಲ್ಲಿ ಇಂತಹ ಊರಿನ ಶಾಲೆಯ ಬಾಗಿಲಿನ ಹೊರಗೆ ಕಾಣುವ ನೋಟವು ಎಲ್ಲರೂ ಬಲ್ಲದ್ದೇ. ಗಂಟೆ ಹೊಡೆದೊಡನೆ ಮಕ್ಕಳು ಪ್ರಶ್ನಪತ್ರಿಕೆಯನ್ನು ಮಡಿಸಿ ಹಿಡಿದು ಗುಂಪುಗೂಡುತ್ತಾರೆ. “ಐದನೆಯದಕ್ಕೆ ಏನು ಬರೆದೆಯೋ?” ಎಂಬ ಕೂಗು, ಒಬ್ಬನ ಮುಖ ಅರಳುವುದು, ಮತ್ತೊಬ್ಬಳದು ಬಾಡುವುದು. “ಬರೆದದ್ದು ಬರೆದಾಯಿತು, ನಾಳೆಯದನ್ನು ಓದಿಕೊಳ್ಳಿ” ಎಂದು ಹಿರಿಯರು ಗದರಿಸುವುದೂ ಉಂಟು. ಆದರೆ ಆ ಗುಂಪಿನಲ್ಲಿ ನಡೆಯುವುದು ಕೇವಲ ಕುತೂಹಲದ ಹರಟೆಯೆಂದು ತಳ್ಳಿಬಿಡುವಂತಿಲ್ಲ. ಈ ದೇಶದ ಪಾಠಕ್ರಮದಲ್ಲಿ ಅದಕ್ಕೆ ಒಂದು ಕಾಲದಲ್ಲಿ ಒಳಗೇ ಸ್ಥಾನವಿದ್ದಿತು.

ಶಿಷ್ಯನು ವಿದ್ಯೆಯ ಕಾಲುಭಾಗವನ್ನು ಗುರುವಿನಿಂದಲೂ ಕಾಲುಭಾಗವನ್ನು ಸ್ವಂತ ಬುದ್ಧಿಯಿಂದಲೂ ಕಾಲುಭಾಗವನ್ನು ಸಹಪಾಠಿಗಳಿಂದಲೂ ಉಳಿದದ್ದನ್ನು ಕಾಲಕ್ರಮದಿಂದಲೂ ಪಡೆಯುತ್ತಾನೆಂಬ ಸಂಸ್ಕೃತದ ಹಳೆಯ ಎಣಿಕೆಯನ್ನು ಓದಿದವರೆಲ್ಲರೂ ಕೇಳಿದ್ದಾರೆ. ಇದು ಬರಿಯ ನೀತಿವಚನವಾಗಿರಲಿಲ್ಲ. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ಲನು 1823ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ತನ್ನ ಜಿಲ್ಲೆಯ ಶಾಲೆಗಳ ವಿಷಯವಾಗಿ ಬರೆದ ವರದಿಯಿಂದ ಅದರ ಆಚರಣೆಯು ಕಣ್ಣಿಗೆ ಕಟ್ಟುತ್ತದೆ. ಆ ಜಿಲ್ಲೆಯಲ್ಲಿ ಆಗ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಮುಂದುವರಿದ ಹುಡುಗರು ಹಿಂದುಳಿದವರಿಗೆ ಪಾಠ ಹೇಳುವ ಕ್ರಮವನ್ನು ಅವನು ಮೆಚ್ಚಿಕೊಂಡನು. ಮದರಾಸಿನಲ್ಲಿ ಆಂಡ್ರೂ ಬೆಲ್ಲನು ಹಿಡಿದ ಇಂತಹದೇ ಪದ್ಧತಿಯು ಅದಕ್ಕೆ ಮೊದಲೇ ಇಂಗ್ಲೆಂಡಿನಲ್ಲಿ ಪ್ರಸಿದ್ಧವಾಗಿದ್ದಿತು. ಹುಡುಗನ ತಪ್ಪನ್ನು ಮೊದಲು ಕಾಣುವವನು ಪಕ್ಕದ ಹುಡುಗ, ತಿದ್ದುವವನೂ ಅವನೇ.

ಅದೇ ಕ್ಯಾಂಬೆಲ್ಲನು ಒಂದು ದೊಡ್ಡ ಕುಂದನ್ನೂ ಎತ್ತಿ ಹೇಳಿದನು. ಮಕ್ಕಳು ಅಮರವನ್ನೂ ನಿಘಂಟುವನ್ನೂ ಕಾವ್ಯಗಳನ್ನೂ ಬಾಯಿಪಾಠ ಮಾಡುತ್ತಾರೆ, ಆದರೆ ಅರ್ಥವನ್ನು ಬಿಡಿಸಿ ಹೇಳಬಲ್ಲ ಉಪಾಧ್ಯಾಯರು ಕೆಲವರು, ತಿಳಿದುಕೊಂಡ ಮಕ್ಕಳು ಇನ್ನೂ ಕೆಲವರು ಎಂಬುದು ಅವನ ಆಕ್ಷೇಪದ ಸಾರ. ಇದನ್ನು ಅಲ್ಲಗಳೆಯಲಾಗದು. ಹಳೆಯ ಪಾಠಶಾಲೆಯನ್ನು ಹೊಗಳುವವರು ಈ ಮಾತನ್ನು ಮರೆಮಾಡುವುದು ನ್ಯಾಯವಲ್ಲ. ಆದರೂ ಆ ಬಾಯಿಪಾಠದಲ್ಲಿಯೇ ಒಂದು ಗುಣವಿದ್ದಿತು. ಅಮರಸಿಂಹನು ತನ್ನ ಕೋಶದ ಮೂರನೆಯ ಕಾಂಡದಲ್ಲಿ ನಾನಾರ್ಥವರ್ಗವೆಂದು ಒಂದು ಭಾಗವನ್ನೇ ಮೀಸಲಿಟ್ಟಿದ್ದಾನೆ. ಒಂದು ಶಬ್ದಕ್ಕೆ ಎರಡು, ಮೂರು, ನಾಲ್ಕು ಅರ್ಥಗಳು. ಅದನ್ನು ಕಲಿತ ಹುಡುಗನಿಗೆ, ಒಂದು ಮಾತಿಗೆ ಒಂದೇ ಅರ್ಥವೆಂಬ ಭ್ರಾಂತಿಯು ಹನ್ನೆರಡನೆಯ ವಯಸ್ಸಿಗೇ ಬಿಟ್ಟುಹೋಗುತ್ತಿದ್ದಿತು.

1857ರಲ್ಲಿ ಮದರಾಸಿನ ವಿಶ್ವವಿದ್ಯಾನಿಲಯ, 1916ರಲ್ಲಿ ಮೈಸೂರಿನದು ಸ್ಥಾಪಿತವಾದವು. ಲಿಖಿತ ಪರೀಕ್ಷೆಯು ಊರೂರಿಗೆ ಹಬ್ಬಿತು. ಪಕ್ಷಪಾತವನ್ನು ತಡೆಯಲು ಅದಕ್ಕಿಂತ ಒಳ್ಳೆಯ ಉಪಾಯವು ದೊರೆಯಲಿಲ್ಲವೆಂಬುದು ನಿಜ. ಆದರೆ ಪರೀಕ್ಷೆಯ ಕೊಠಡಿಯಲ್ಲಿ ಪಕ್ಕದವನ ಮಾತು ಅಪರಾಧವಾಯಿತು. ಒಳಗಿದ್ದ ಸಹಪಾಠಿಯ ಪಾಠವು ಬಾಗಿಲಿನ ಹೊರಗಣ ಮರದ ನೆರಳಿಗೆ ಹೋಯಿತು.

ಇದರ ಬೆನ್ನಿಗೇ ಪಶ್ಚಿಮದಿಂದ ಇನ್ನೊಂದು ಬಗೆಯ ಪರೀಕ್ಷೆಯು ಬಂದಿತು. 1905ರಲ್ಲಿ ಪ್ಯಾರಿಸ್ ನಗರದ ಬಿನೆ ಎಂಬಾತನು ಮಕ್ಕಳ ಬುದ್ಧಿಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ರಚಿಸಿದನು. ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದ ಟರ್ಮನ್ 1916ರಲ್ಲಿ ಅದನ್ನು ಪರಿಷ್ಕರಿಸಿ, ಒಂದು ನಿಘಂಟುವಿನಿಂದ ಗೊತ್ತಾದ ಅಂತರಗಳಲ್ಲಿ ಆರಿಸಿದ 100 ಪದಗಳ ಪಟ್ಟಿಯನ್ನು ಸೇರಿಸಿದನು. ಸುಲಭವಾದವು ಮೊದಲು, ಕಠಿಣವಾದವು ಆಮೇಲೆ. ಆ ಪಟ್ಟಿಯ ಮೊದಲನೆಯ ಪದ ಕಿತ್ತಳೆ. ಕಮಲವೋ ಬಹಳ ಕೆಳಗೆ, ಕಷ್ಟವಾದ ಪದಗಳ ನಡುವೆ ಕುಳಿತಿದೆ! ಕಮಲವೆಂದರೆ ಏನೆಂದು ಹೇಳಲಾರದ ಮಗು ಕನ್ನಡ ಸೀಮೆಯಲ್ಲಿ ಉಂಟೇ? ಒಂದು ಭಾಷೆಯ ಪಂಡಿತರ ಮಾತು ಇನ್ನೊಂದರಲ್ಲಿ ತೊಟ್ಟಿಲ ಮಾತಾಗಿರಬಹುದು. ಧಾರವಾಡದಲ್ಲಿ ವಿ. ವಿ. ಕಾಮತರು ಈ ತೊಡಕನ್ನು ಎದುರಿಸಿ, ಬಿನೆಯ ಮಾನವನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ತಿದ್ದಿ, 1940ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಭಾಷಾಂತರ ಮಾಡಿ ಮುಗಿಸುವ ಕೆಲಸ ಅದಾಗಿರಲಿಲ್ಲ. ಯಾವ ವಯಸ್ಸಿನ ಮಗುವಿಗೆ ಯಾವ ಪ್ರಶ್ನೆ ತಕ್ಕದ್ದೆಂಬುದನ್ನು ಇಲ್ಲಿನ ಮಕ್ಕಳನ್ನೇ ಕೇಳಿ ನಿರ್ಧರಿಸಬೇಕಾಗಿದ್ದಿತು.

ಈಗ ಕೇವಲ ಒಂದು ಪದವನ್ನು ತೆಗೆದುಕೊಳ್ಳೋಣ: ಎಳೆ. ವಾಕ್ಯದ ಆಶ್ರಯವಿಲ್ಲದೆ ಇದರ ಅರ್ಥವನ್ನು ಕೇಳಿದರೆ ಬಾಶೆಟ್ಟಿಹಳ್ಳಿಯ ಮಕ್ಕಳು ಏನೆಂದಾರು? ಮಗ್ಗದ ಮನೆಯ ಹುಡುಗಿಗೆ ಅದು ನೂಲಿನ ಎಳೆ. ರೈತನ ಮಗನಿಗೆ ಎಳೆಗಾಯಿ. ಬಾವಿಯ ಹಗ್ಗವನ್ನು ಕಂಡವನಿಗೆ ಎಳೆಯುವ ಕ್ರಿಯೆ. ಹಳಗನ್ನಡದಲ್ಲಿ ಈ ಜಗಳವೇ ಇರಲಿಲ್ಲ. ಸೆಳೆಯುವುದಕ್ಕೂ ನೂಲಿಗೂ ೞಕಾರ, ಎಳೆತನಕ್ಕೆ ಳಕಾರ, ಉಚ್ಚಾರಣೆಯೇ ಬೇರೆಯಾಗಿದ್ದಿತು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ೞಕಾರದ ಪದಗಳನ್ನು ಪಟ್ಟಿಮಾಡಿ ಕೊಡಬೇಕಾಯಿತೆಂದರೆ, ಆ ಹೊತ್ತಿಗಾಗಲೇ ಜನರ ಬಾಯಲ್ಲಿ ಭೇದವು ಅಳಿಸುತ್ತಿದ್ದಿತೆಂದು ಊಹಿಸಬಹುದು. ಆದಕಾರಣ ಪ್ರಶ್ನಪತ್ರಿಕೆಯ ಕೀಲಿಯಲ್ಲಿ ‘ಕೋಮಲ’ ಎಂಬುದೊಂದೇ ಸರಿಯೆಂದಿದ್ದರೆ, ನೂಲು ಎಂದು ಬರೆದ ಹುಡುಗಿಯು ಕಳೆದುಕೊಳ್ಳುವುದು ಒಂದು ಅಂಕವನ್ನು ಮಾತ್ರವಲ್ಲ. ತನ್ನ ತಂದೆತಾಯಿಗಳು ದಿನವೆಲ್ಲ ಕೈಯಲ್ಲಿ ಹಿಡಿಯುವ ವಸ್ತುವಿನ ಹೆಸರು ತಪ್ಪೆಂದು ಅವಳು ಕಲಿತು ಹೋಗುತ್ತಾಳೆ. ಬಾಗಿಲಿನ ಹೊರಗೆ ಗೆಳತಿಯೊಡನೆ ತಾಳೆನೋಡಿದಾಗ ಮಾತ್ರ, “ನಿನ್ನದೂ ಸರಿ ಕಣೇ” ಎಂಬ ಮಾತನ್ನು ಕೇಳುವ ಸಂಭವವುಂಟು.

2005ರಿಂದ ‘ಅಸರ್’ ಎಂಬ ಸಮೀಕ್ಷೆಯು ಗ್ರಾಮಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳಿಂದ ಅಕ್ಷರ, ಪದ, ಸಣ್ಣ ವಾಕ್ಯಗಳು, ಕಥೆ ಎಂಬ ಮೆಟ್ಟಿಲುಗಳಲ್ಲಿ ಓದಿಸುತ್ತ ಬಂದಿದೆ. ಅಲ್ಲಿ ಮಗುವು ಒಂಟಿಯಾಗಿ ಓದುವುದು. ಅರ್ಥದ ವಿವಾದಕ್ಕೆ ಎಡೆಯಿಲ್ಲ. ಶಾಲೆಯ ಸಾರ್ವಜನಿಕ ಪರೀಕ್ಷೆಗಳಲ್ಲಾದರೋ ಕೀಲಿ ಉತ್ತರಗಳನ್ನು ಪ್ರಕಟಿಸಿ ಆಕ್ಷೇಪಣೆಗಳನ್ನು ಕರೆಯುವ ವಾಡಿಕೆಯು ಬೆಳೆದಿದೆ. ಮರದ ನೆರಳಿನ ತಕರಾರಿಗೆ ಕಚೇರಿಯು ಕಿವಿಗೊಡತೊಡಗಿತೆಂದೇ ಇದರ ಅರ್ಥ.

ಆ ತಕರಾರಿನ ಬಲವು ಎಷ್ಟೆಂಬುದು 2024ರಲ್ಲಿ ಕಂಡುಬಂದಿತು. ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗವು 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗಾಗಿ ಪೂರ್ವಭಾವಿ ಪರೀಕ್ಷೆಯನ್ನು ನಡೆಸಿತು. ಪ್ರಶ್ನೆಗಳು ಇಂಗ್ಲಿಷಿನಲ್ಲಿಯೂ ಕನ್ನಡದಲ್ಲಿಯೂ ಇದ್ದವು. ಹೊರಬಂದ ಅಭ್ಯರ್ಥಿಗಳು ಉತ್ತರಗಳನ್ನು ತಾಳೆನೋಡುತ್ತ ಎರಡು ಭಾಷೆಗಳ ಪ್ರಶ್ನೆಗಳನ್ನೂ ಪಕ್ಕಪಕ್ಕಕ್ಕಿಟ್ಟರು. ಕನ್ನಡದ ಪ್ರಶ್ನೆಯು ಇಂಗ್ಲಿಷಿನದಕ್ಕೆ ಹೊಂದದಿರುವ ಕಡೆಗಳು ಹೊರಬಿದ್ದವು. ಕನ್ನಡವನ್ನೇ ನಂಬಿ ಬರೆದವನು, ತನ್ನ ಭಾಷೆಯನ್ನು ಬಲ್ಲನಾದ ಕಾರಣಕ್ಕೇ ತಪ್ಪುತ್ತರ ಕೊಡುವಂತಾಗಿದ್ದಿತು. ವರ್ಷಗಟ್ಟಲೆ ಓದಿದವರ ಜೀವನೋಪಾಯವು ಒಂದೊಂದು ಪದದ ಮೇಲೆ ನಿಂತಿದ್ದುದರಿಂದ ಕೂಗು ನಾಡೆಲ್ಲ ಹಬ್ಬಿತು. ಸರ್ಕಾರವು ಮರುಪರೀಕ್ಷೆಯನ್ನು ಮಾಡಬೇಕೆಂದು ಸೆಪ್ಟೆಂಬರಿನಲ್ಲಿ ಸೂಚಿಸಿತು. ಆ ಪರೀಕ್ಷೆಯು ಡಿಸೆಂಬರ್ 29ರಂದು ನಡೆಯಿತು. ಅದು ಮುಗಿದು ಹೊರಬಂದವರು ಮತ್ತೆ ಪತ್ರಿಕೆಗಳನ್ನು ಬಿಚ್ಚಿ ಕುಳಿತರು. ಭಾಷಾಂತರದ ದೂರುಗಳು ಮತ್ತೆ ಬಂದವು.