ರುಚಿ ನೋಡುವ ಹಕ್ಕು ಪಾಕೀಟಿನೊಳಗೆ ಹೋದ ಕಥೆ

ಸಂತೆಯಲ್ಲಿ ಮಂಡಕ್ಕಿ ಕೊಳ್ಳುವವರನ್ನು ಗಮನಿಸಿದ್ದೀರಾ? ರೇಟು ಆಮೇಲೆ. ಮೊದಲು ಚೀಲಕ್ಕೆ ಕೈ ಹಾಕಿ ನಾಲ್ಕು ಕಾಳು ಬಾಯಿಗೆ. ಹಲ್ಲಿನ ಕೆಳಗೆ ಸದ್ದು ಬಂದರೆ ಚೀಲ ಚಾಚುತ್ತಾರೆ, ಬರದಿದ್ದರೆ ಮುಂದಿನ ಅಂಗಡಿಗೆ ಹೋಗುತ್ತಾರೆ. ಮಾರುವವನೂ ಬೇಜಾರು ಮಾಡಿಕೊಳ್ಳುವುದಿಲ್ಲ. "ತಿಂದು ನೋಡಿ ತಗಳಣ್ಣ" ಅಂತ ಅವನೇ ಕರೆದಿರುತ್ತಾನೆ.

ಈ ಪರೀಕ್ಷೆಗೆ ನಮ್ಮಲ್ಲಿ ಅಂಕಗಳಿರಲಿಲ್ಲ, ಮಾತುಗಳಿದ್ದವು. ಗರಿಗರಿ, ಮೆತ್ತಗೆ, ಸಪ್ಪೆ, ಕಮಟು, ಮುಗ್ಗಲು. ಹಳೇ ಎಣ್ಣೆ ವಾಸನೆಗೂ ತೇವಕ್ಕೆ ಹಿಡಿದ ವಾಸನೆಗೂ ಬೇರೆ ಬೇರೆ ಹೆಸರಿಟ್ಟುಕೊಂಡ ಜನ ನಾವು. ಪಕ್ಕದ ಸಂತೆಬೆನ್ನೂರಿನ ಹೆಸರಲ್ಲೇ ಸಂತೆ ಇದೆ. ತಿಂದು ನೋಡಿ ಕೊಳ್ಳುವುದು ಈ ಸೀಮೆಯಲ್ಲಿ ಎಷ್ಟು ಹಳೆಯದು ಅಂತ ಬೇರೆ ಹೇಳಬೇಕಿಲ್ಲ.

ಈಗ ತ್ಯಾವಣಿಗೆಯ ಅಂಗಡಿ ಮುಂದೆ ನಿಂತು ತಲೆ ಎತ್ತಿ. ತೋರಣ ಕಟ್ಟಿದ ಹಾಗೆ 5 ರೂಪಾಯಿ ಪಾಕೀಟುಗಳು. ಒಂದನ್ನು ಹರಿದು ಎರಡು ಕಾಳು ಬಾಯಿಗೆ ಹಾಕಿಕೊಂಡು "ಮೆತ್ತಗಾಗಿದೆ, ಬೇಡ" ಅಂದು ನೋಡಿ, ಏನಾಗುತ್ತದೆ! ದುಡ್ಡು ಮೊದಲು, ರುಚಿ ಆಮೇಲೆ. ಕೊಳ್ಳುವವನ ನಾಲಿಗೆಗೆ ಇದ್ದ ಅಧಿಕಾರ ಎಲ್ಲಿಗೆ ಹೋಯಿತು, ಯಾರ ಕೈ ಸೇರಿತು ಅನ್ನುವುದನ್ನು ಹುಡುಕಿಕೊಂಡು ಹೊರಟಿದ್ದೇವೆ.

ಮೊದಲು ನಮ್ಮ ದಾವಣಗೆರೆಯ ಮಂಡಕ್ಕಿ. ಅಲ್ಲಿ ಮಂಡಕ್ಕಿ ಭಟ್ಟಿ ಅಂತಲೇ ಕರೆಯುವ ಪ್ರದೇಶ ಇದೆ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಹಿಡಿಸಿ, ಕಾದ ಮರಳಿಗೆ ಸುರಿದರೆ ಕ್ಷಣದಲ್ಲಿ ಅರಳುತ್ತದೆ. ಹೊಗೆ, ಬಿಸಿ, ಮರಳಿನ ನಡುವೆ ದಿನವಿಡೀ ನಿಲ್ಲುವವರ ಕಷ್ಟ ಇನ್ನೊಂದು ಬರಹಕ್ಕಾಗುವಷ್ಟಿದೆ. ಇಲ್ಲಿ ಹೇಳಬೇಕಾದ್ದು ಇಷ್ಟು: ಮಂಡಕ್ಕಿ ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಚೀಲದ ಬಾಯಿ ಬಿಚ್ಚಿಟ್ಟರೆ ಸಂಜೆಗೇ ಮೆತ್ತಗೆ. ಹಾಗಾಗಿ ತಿಂದು ನೋಡದೆ ಕೊಳ್ಳುವ ಮಾತೇ ಇರಲಿಲ್ಲ. ಇದೇ ತೇವವನ್ನು ಹೊರಗಿಡುವ ಹೊಳೆಯುವ ಹಾಳೆ ಸಿಕ್ಕಿದ ಮೇಲೆ ದೂರದ ಕಾರ್ಖಾನೆಗೆ ನಮ್ಮೂರಿನ ದಾರಿ ಸಲೀಸಾಯಿತು. ಚಿಪ್ಸ್ ಪಾಕೀಟು ಉಬ್ಬಿರುವುದು ಮೋಸಕ್ಕೆ ಮಾತ್ರ ಅಂದುಕೊಳ್ಳಬೇಡಿ. ಒಳಗಿರುವುದು ನೈಟ್ರೋಜನ್ ಅನಿಲ. ಅದು ಎಣ್ಣೆ ಕಮಟಾಗದಂತೆ ತಡೆಯುತ್ತದೆ, ಲಾರಿಯಲ್ಲಿ ಚೂರಾಗದಂತೆ ಮೆತ್ತೆಯೂ ಆಗುತ್ತದೆ.

ಸಂತೆಗೂ ಪಾಕೀಟಿಗೂ ನಡುವೆ ಇನ್ನೊಂದು ಮೆಟ್ಟಿಲಿದೆ, ಬೇಕರಿ.

ಕರ್ನಾಟಕದಲ್ಲಿ ಬೇಕರಿ ಅಂದರೆ ಅಯ್ಯಂಗಾರ್ ಬೇಕರಿ. ಹಾಸನದ ಕಡೆಯಿಂದ ಬಂದ ತಿರುಮಲಾಚಾರ್ ಅನ್ನುವವರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್, ಅಂದರೆ ಬಿ.ಬಿ. ಬೇಕರಿ ಶುರು ಮಾಡಿದರು. ಅವರಿಗೆ ಬ್ರೆಡ್ ಸುಡುವುದನ್ನು ಕಲಿಸಿದ್ದು ಒಬ್ಬ ಇಂಗ್ಲಿಷಿನವನು ಅಂತ ಹೇಳುತ್ತಾರೆ. ಬ್ರೆಡ್ಡೆಂದರೆ ಪರದೇಶಿ ತಿಂಡಿ, ಮೊಟ್ಟೆ ಹಾಕಿರುತ್ತಾರೆ ಅಂತ ದೂರ ಇಡುತ್ತಿದ್ದ ಕಾಲ ಅದು. ಮಡಿವಂತರ ಮನೆಯವರೇ ಮೊಟ್ಟೆ ಇಲ್ಲದೆ ಮಾಡಿ ಕೊಟ್ಟಾಗ ಆ ಅನುಮಾನ ಕರಗಿತು. ಅಯ್ಯಂಗಾರ್ ಅನ್ನುವ ಹೆಸರೇ ಒಂದು ಮುದ್ರೆಯಾಯಿತು. ಆಮೇಲೆ ಹಾಸನದ ಹಳ್ಳಿಗಳಿಂದ ಹೊರಟವರು ರಾಜ್ಯದ ಊರೂರಲ್ಲಿ ಒಲೆ ಹೂಡಿದರು. ಇವತ್ತು ಆ ಬೋರ್ಡು ಹಾಕಿದವರೆಲ್ಲ ಅಯ್ಯಂಗಾರರೇನಲ್ಲ, ಅದರಿಂದ ಖಾರ ಬನ್ನಿಗೆ ನಷ್ಟವೂ ಇಲ್ಲ.

ಬೇಕರಿಯಲ್ಲಿ ನಮಗೂ ತಿಂಡಿಗೂ ನಡುವೆ ಗಾಜು ಬಂತು. ಕೈ ಹಾಕುವ ಹಾಗಿಲ್ಲ. ಆದರೆ "ಇವತ್ತಿಂದಾ, ನಿನ್ನೇದಾ?" ಅಂತ ಕೇಳಬಹುದು. ಕೇಳಿದರೆ ಗಾಜಿನ ಹಿಂದಿನವನು ಉತ್ತರ ಕೊಡಲೇಬೇಕು, ಯಾಕೆಂದರೆ ನಾಳೆಯೂ ಅವನ ಮುಖ ನಮಗೆ, ನಮ್ಮ ಮುಖ ಅವನಿಗೆ. ನಮ್ಮ ಲೆಕ್ಕದಲ್ಲಿ ಸಂಜೆ ನಾಲ್ಕಕ್ಕೆ ಒಲೆಯಿಂದ ತೆಗೆದ ಖಾರ ಬನ್ನಿಗೆ ಸಾಟಿಯಾದ ಪಾಕೀಟು ತಿಂಡಿ ಇನ್ನೂ ಹುಟ್ಟಿಲ್ಲ. ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ವಾಸನೆಯನ್ನು ಹಾಳೆಯಲ್ಲಿ ಸುತ್ತಿ ಮೂರು ತಿಂಗಳು ಇಡಲು ಆಗುವುದಿಲ್ಲ. ದಿಲ್‌ಪಸಂದ್ ಮಾತ್ರ ನಮಗೆ ಅತಿ ಸಿಹಿ, ಆದರೆ ಅದನ್ನು ಹಾಗಂದರೆ ಜಗಳಕ್ಕೆ ಬರುವವರಿದ್ದಾರೆ.

ಬೇಕರಿಯ ಕಾಂಗ್ರೆಸ್ ಕಡಲೆಕಾಯಿಯ ಹೆಸರಿನ ಬಗ್ಗೆಯೂ ಒಂದು ಕಥೆ ಇದೆ. 1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಇಂದಿರಾ ಗಾಂಧಿ ಮತ್ತು ಹಿರಿಯ ನಾಯಕರ ಜಗಳ ಬಯಲಾಗಿ, ವರ್ಷದ ಕೊನೆಗೆ ಪಕ್ಷ ಎರಡಾಯಿತು. ಬೀಜ ಎರಡು ಹೋಳಾಗಿ ಮಸಾಲೆ ಹಚ್ಚಿಕೊಂಡಿರುವುದರಿಂದ ಜನ ಅದಕ್ಕೆ ಕಾಂಗ್ರೆಸ್ ಅಂದರಂತೆ. ಕಥೆ ನಿಜವೋ ಅಲ್ಲವೋ, ಹೆಸರು ಉಳಿದಿದೆ.

ಕಂಪನಿ ಪಾಕೀಟು ಹಳ್ಳಿಗೆ ಬಂದದ್ದು ತಿಂಡಿಯಾಗಿ ಅಲ್ಲ, ಔಷಧಿಯ ಹಾಗೆ. ಜ್ವರ ಬಂದರೆ ಬಿಸ್ಕತ್ತು, ಆಸ್ಪತ್ರೆಗೆ ನೋಡಲು ಹೋಗುವಾಗ ಕೈಯಲ್ಲಿ ಬ್ರೆಡ್ಡು. ಹಿರಿಯರನ್ನು ಕೇಳಿ, ಹೇಳುತ್ತಾರೆ. ಮುಂಬೈನ ವಿಲೆ ಪಾರ್ಲೆಯಲ್ಲಿ 1929ರಲ್ಲಿ ಶುರುವಾದ ಪಾರ್ಲೆ ಕಂಪನಿ ಮೊದಲು ಮಿಠಾಯಿ ಮಾಡುತ್ತಿತ್ತು, ಬಿಸ್ಕತ್ತಿಗೆ ಬಂದದ್ದು ಸುಮಾರು ಹತ್ತು ವರ್ಷದ ಮೇಲೆ. ಆಗ ಗೋಧಿ ನಮ್ಮ ಕಡೆಯ ಊಟವೇ ಅಲ್ಲ. 1950ರ ದಶಕದ ಕೊನೆಯಿಂದ ಪಿ.ಎಲ್. 480 ಯೋಜನೆಯಲ್ಲಿ ಅಮೆರಿಕದ ಗೋಧಿ ಹಡಗುಗಳು ಬಂದವು. 1965ರಲ್ಲಿ ಕೇಂದ್ರ ಸರ್ಕಾರವೇ ಮಾಡರ್ನ್ ಬೇಕರೀಸ್ ಅನ್ನುವ ಕಂಪನಿ ಕಟ್ಟಿ ಬ್ರೆಡ್ ಮಾಡಿ ಮಾರಿತು. 2000ದಲ್ಲಿ ಅದನ್ನು ಹಿಂದೂಸ್ತಾನ್ ಲಿವರಿಗೆ ಕೊಟ್ಟಿತು. ರಾಗಿ, ಜೋಳ, ಅಕ್ಕಿ ತಿನ್ನುವ ಸೀಮೆಗೆ ಮೈದಾ ಬಂದದ್ದರ ಹಿಂದೆ ಇಷ್ಟೆಲ್ಲ ಇದೆ.

ಕೊಳ್ಳುವವನು ರುಚಿ ನೋಡುವ ಹಾಗಿಲ್ಲ ಅಂದಮೇಲೆ ಯಾರಾದರೂ ನೋಡಲೇಬೇಕಲ್ಲ? ಆ ಕೆಲಸಕ್ಕೆ ಒಂದು ವಿಜ್ಞಾನವೇ ಇದೆ, ಮತ್ತು ಅದರ ಒಂದು ದೊಡ್ಡ ಮನೆ ನಮ್ಮ ಮೈಸೂರಿನಲ್ಲೇ ಇದೆ. 1950ರ ಅಕ್ಟೋಬರಿನಲ್ಲಿ ಚೆಲುವಾಂಬ ಅರಮನೆಯಲ್ಲಿ ಶುರುವಾದ ಸಿ.ಎಫ್.ಟಿ.ಆರ್.ಐ., ಅಂದರೆ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ. ಅಲ್ಲಿ ರುಚಿ, ವಾಸನೆ ಅಳೆಯುವುದಕ್ಕೇ ಒಂದು ವಿಭಾಗ ಇದೆ.

ಇಂಥ ಕಡೆ ರುಚಿ ನೋಡುವ ಕ್ರಮ ಸಂತೆಯ ಹಾಗಲ್ಲ. ಒಬ್ಬೊಬ್ಬರನ್ನೂ ಬೇರೆ ಬೇರೆ ಗೂಡಿನಂಥ ಜಾಗದಲ್ಲಿ ಕೂರಿಸುತ್ತಾರೆ, ಒಬ್ಬರ ಮುಖ ನೋಡಿ ಇನ್ನೊಬ್ಬರು ಹೇಳಬಾರದು ಅಂತ. ತಟ್ಟೆ ಮೇಲೆ ಕಂಪನಿ ಹೆಸರಿರುವುದಿಲ್ಲ, ಮೂರಂಕಿಯ ಗುರುತು ಮಾತ್ರ. ಬಣ್ಣ ನೋಡಿ ಮರುಳಾಗಬಾರದು ಅಂದರೆ ಕೆಂಪು ದೀಪ ಹಾಕುತ್ತಾರೆ. ಒಂದು ತಿಂದು, ನೀರಲ್ಲಿ ಬಾಯಿ ಮುಕ್ಕಳಿಸಿ, ಇನ್ನೊಂದು. ಆಮೇಲೆ 1ರಿಂದ 9ರವರೆಗೆ ಅಂಕ. 9 ಅಂದರೆ ವಿಪರೀತ ಇಷ್ಟ, 1 ಅಂದರೆ ಬಾಯಿಗಿಡಲಾಗದು, 5 ಅಂದರೆ ಎರಡೂ ಅಲ್ಲ.

ಈ ಒಂಬತ್ತರ ಅಳತೆ ಹುಟ್ಟಿದ್ದು ಸೈನ್ಯದಲ್ಲಿ. ಅಮೆರಿಕದ ಸೇನೆಗೆ ಊಟ ಒದಗಿಸುವ ಷಿಕಾಗೋದ ಸಂಸ್ಥೆಯಲ್ಲಿ ಡೇವಿಡ್ ಪೆರ್ಯಾಮ್ ಮತ್ತು ಜೊತೆಗಾರರು 1940ರ ದಶಕದ ಕೊನೆಯಲ್ಲಿ ಇದನ್ನು ರೂಪಿಸಿದರು. ಡಬ್ಬಿ ಊಟದಲ್ಲಿ ಪೌಷ್ಟಿಕಾಂಶ ಎಷ್ಟಿದ್ದರೇನು, ಸೈನಿಕ ತಿನ್ನದಿದ್ದರೆ? ಹಾಗಾಗಿ ಸೈನಿಕರನ್ನೇ ಕೇಳಿದರು. ಇವತ್ತು ನಿಮ್ಮ ಫೋನಿನಲ್ಲಿ ಬೇಕರಿಗೆ ಕೊಡುವ ಐದು ನಕ್ಷತ್ರವನ್ನೂ ಇದೇ ಸಾಲಿಗೆ ಸೇರಿಸಬಹುದು. ವ್ಯತ್ಯಾಸ ಏನೆಂದರೆ ನಕ್ಷತ್ರ ಕೊಡುವವನು ಹೆಸರು, ಬೋರ್ಡು, ಎಸಿ ಎಲ್ಲ ನೋಡಿಯೇ ಕೊಡುತ್ತಾನೆ.

ಮೂರು ತಟ್ಟೆಯ ಪರೀಕ್ಷೆ ಅಂತ ಒಂದಿದೆ, ಮನೆಯಲ್ಲೇ ಮಾಡಬಹುದು. ಎರಡು ತಟ್ಟೆಯಲ್ಲಿ ಒಂದೇ ತಿಂಡಿ, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದು ಅಂತ ಕಂಡುಹಿಡಿಯಬೇಕು. ನಾವು ಗೆಳೆಯರು ಒಂದು ಸಂಜೆ ಎರಡು ತಟ್ಟೆಗೆ ಪಾಕೀಟಿನ ಮಿಕ್ಸ್ಚರ್, ಒಂದಕ್ಕೆ ಸಂತೆಯ ಬಿಡಿ ಮಿಕ್ಸ್ಚರ್ ಹಾಕಿಟ್ಟೆವು. ಮಕ್ಕಳು ಬೇಗ ಹಿಡಿದುಬಿಟ್ಟರು, ಬೆರಳಿಗೆ ಅಂಟಿದ ಮಸಾಲೆ ಪುಡಿ ನೋಡಿ! ವಯಸ್ಸಾದ ಅಜ್ಜಿಯೊಬ್ಬರು ಪಾಕೀಟಿನದನ್ನು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು, "ಇದ್ರಾಗೆ ಹುಳಿ ಐತಲ್ಲಪ್ಪ, ನಿಂಬೆಹಣ್ಣಿನ ವಾಸನೇನೇ ಇಲ್ಲ?" ಅಂದರು. ಪಾಕೀಟು ತಿರುಗಿಸಿ ನೋಡಿದರೆ ಸಣ್ಣಕ್ಷರದಲ್ಲಿ ಸಿಟ್ರಿಕ್ ಆಮ್ಲ ಅಂತಿತ್ತು. ಅಜ್ಜಿಗೆ ಓದಲು ಬರುವುದಿಲ್ಲ.

ಹಾಗಂತ ನಾಲಿಗೆಯೊಂದನ್ನೇ ನಂಬಿ ಕೂರುವ ಹಾಗೂ ಇಲ್ಲ. ಡಾಲ್ಡಾ 1937ರಲ್ಲಿ ಮಾರುಕಟ್ಟೆಗೆ ಬಂತು. ಬೆಣ್ಣೆ, ತುಪ್ಪ ಕೊಳ್ಳಲಾಗದವರಿಗೆ ಅಗ್ಗದ ದಾರಿ. ವನಸ್ಪತಿ ಹಾಕಿದ ಬಿಸ್ಕತ್ತು, ಪಫ್ಸು ಬಾಯಲ್ಲಿ ಪುಡಿಪುಡಿಯಾಗುತ್ತವೆ. ನಾಲಿಗೆ ಎಂಟು ಅಂಕ ಕೊಡುತ್ತದೆ. ಆದರೆ ಅದರಲ್ಲಿ ಟ್ರಾನ್ಸ್ ಕೊಬ್ಬು ಇದ್ದರೆ ಹೃದಯಕ್ಕೆ ಕೆಟ್ಟದ್ದು, ಮತ್ತು ಅದು ರುಚಿಯಲ್ಲಿ ತಿಳಿಯುವುದಿಲ್ಲ. 2022ರ ಜನವರಿಯಿಂದ ಅದರ ಮಿತಿಯನ್ನು ಶೇ 2ಕ್ಕೆ ಇಳಿಸಿದ್ದಾರೆ.

ಬಣ್ಣದ್ದೂ ಇದೇ ಕಥೆ. ಜಾತ್ರೆಯ ಗುಲಾಬಿ ಬಾಂಬೆ ಮಿಠಾಯಿ ನೆನಪಿಸಿಕೊಳ್ಳಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಅದಕ್ಕೂ ಗೋಬಿ ಮಂಚೂರಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆ ಮಾಡಿದ 25 ಬಾಂಬೆ ಮಿಠಾಯಿ ಮಾದರಿಗಳಲ್ಲಿ 15, ಗೋಬಿಯ 171ರಲ್ಲಿ 107 ಅಸುರಕ್ಷಿತ ಅಂತ ಬಂದಿತ್ತು. ಸಿಕ್ಕಿದ ಬಣ್ಣಗಳಲ್ಲಿ ಬಟ್ಟೆಗೆ ಹಾಕುವ ರೋಡಮಿನ್-ಬಿ ಕೂಡ ಇತ್ತು. ಅದೇ ವರ್ಷ ಬೆಂಗಳೂರಿನ ಬೇಕರಿಗಳ 235 ಕೇಕ್ ಮಾದರಿಗಳಲ್ಲಿ 12 ಅಸುರಕ್ಷಿತ ಅಂತ ಬಂತು, 223 ಸರಿಯಿದ್ದವು. ಟಿ.ವಿ.ಗಳು ಮೊದಲಿನ ಅಂಕಿಯನ್ನೇ ಕೂಗಿದವು. ಎರಡನೆಯದನ್ನೂ ಹೇಳಬೇಕಿತ್ತು, ಸರಿಯಾಗಿ ಮಾಡುವ ಬೇಕರಿಯವನ ಹೊಟ್ಟೆಪಾಡಿನ ಪ್ರಶ್ನೆ ಅದು.

ವಾಟ್ಸಾಪಿನದ್ದು ಇನ್ನೊಂದು ಬಗೆ. ಕುರ್ಕುರೆಗೆ ಬೆಂಕಿ ಹಚ್ಚಿ "ನೋಡಿ ಪ್ಲಾಸ್ಟಿಕ್" ಅನ್ನುವ ವಿಡಿಯೋ ನಿಮಗೂ ಬಂದಿರುತ್ತದೆ. 1999ರಲ್ಲಿ ಬಂದ ಆ ತಿಂಡಿ ಅಕ್ಕಿ, ಮೆಕ್ಕೆಜೋಳ, ಕಡಲೆ ಹಿಟ್ಟಿನದು. ಎಣ್ಣೆಯಲ್ಲಿ ಕರಿದ ಹಪ್ಪಳಕ್ಕೆ ಹಚ್ಚಿದರೂ ಹಾಗೇ ಉರಿಯುತ್ತದೆ. ಕಂಪನಿ 2018ರಲ್ಲಿ ದೆಹಲಿ ಹೈಕೋರ್ಟಿಗೆ ಹೋಗಿ ಅಂಥ ಪೋಸ್ಟುಗಳನ್ನು ತೆಗೆಸಲು ಆದೇಶ ತಂದಿತು. ಪ್ಲಾಸ್ಟಿಕ್ ಇಲ್ಲ ಅನ್ನುವುದು ನಿಜ, ಉಪ್ಪು ಎಣ್ಣೆ ಇರುವುದೂ ನಿಜ. ನಮ್ಮ ಜಿಲ್ಲೆಯ ರೈತರಿಗೆ ಮೆಕ್ಕೆಜೋಳ ಅಂದರೆ ಕ್ವಿಂಟಾಲಿನ ಲೆಕ್ಕ. ಅಂಗಡಿಯಲ್ಲಿ ಅದೇ ಕಾಳಿನ ಹಿಟ್ಟು ಗ್ರಾಂ ಲೆಕ್ಕದಲ್ಲಿ ತೂಗಾಡುತ್ತದೆ.

ಗ್ರಾಂ ಅಂದಮೇಲೆ ಆ ಲೆಕ್ಕ ಮಾಡಿಯೇಬಿಡೋಣ. ಪಾಕೀಟಿನ ಮೇಲೆ ತೂಕ, ಬೆಲೆ, ತಯಾರಾದ ತಿಂಗಳು, ತಯಾರಿಸಿದವರ ಹೆಸರು ಇರಲೇಬೇಕು ಅಂತ 1977ರ ನಿಯಮಗಳು ಹೇಳಿದವು. ನಾಲಿಗೆಯ ಬದಲಿಗೆ ನಮಗೆ ಸಿಕ್ಕಿದ್ದು ಈ ಅಕ್ಷರಗಳು. ಆದರೆ 5 ರೂಪಾಯಿ ಅನ್ನುವುದು ಮಗುವಿನ ಕೈಗೂ ಗೊತ್ತು, ತೂಕ ಯಾರೂ ನೋಡುವುದಿಲ್ಲ. ಬೆಲೆ ಏರಿಸಿದರೆ ಗಿರಾಕಿ ಹೋಗುತ್ತಾನೆ, ಹಾಗಾಗಿ ಬೆಲೆ ಹಾಗೇ ಬಿಟ್ಟು ಒಳಗಿನದನ್ನು ಕಡಿಮೆ ಮಾಡುತ್ತಾರೆ. 5 ರೂಪಾಯಿಗೆ 20 ಗ್ರಾಂ ಇದ್ದರೆ ಕಿಲೋಗೆ 250 ರೂಪಾಯಿ ಆಯಿತು. ಕಿಲೋ ಶೇಂಗಾ ಎಷ್ಟು, ಕಿಲೋ ಮಂಡಕ್ಕಿ ಎಷ್ಟು ಅಂತ ನಿಮಗೇ ಗೊತ್ತು. ಪ್ರತಿ ಗ್ರಾಮಿಗೆ ಎಷ್ಟು ಬೆಲೆ ಅಂತಲೂ ಬರೆಯಬೇಕು ಅಂತ 2021ರಲ್ಲಿ ನಿಯಮ ತಿದ್ದಿದ್ದಾರೆ. ಎಂ.ಆರ್.ಪಿ. ಹತ್ತಿರವೇ ಹುಡುಕಿ, ಸಣ್ಣದಾಗಿ ಇರುತ್ತದೆ.

ಬಿಡಿ ಸಿಹಿತಿಂಡಿಗೂ ಎಂದಿನವರೆಗೆ ತಿನ್ನಬಹುದು ಅನ್ನುವ ದಿನಾಂಕ ಹಾಕಬೇಕು ಅಂತ 2020ರ ಅಕ್ಟೋಬರಿನಿಂದ ಎಫ್‌ಎಸ್‌ಎಸ್‌ಎಐ ಆದೇಶ ಇದೆ. ಗಾಜಿನ ಹಿಂದಿನ ತಟ್ಟೆಯ ಮುಂದೆ ಚೀಟಿ ಇಲ್ಲದಿದ್ದರೆ ಕೇಳಿ, ಕೇಳುವುದು ಅವಮಾನವಲ್ಲ. ಅವಧಿ ಮುಗಿದ ಪಾಕೀಟು ಕೈಗೆ ಬಂದರೆ ಅಂಗಡಿಯವನ ಮೇಲೆ ಕೂಗಾಡುವುದಕ್ಕಿಂತ ಮೊದಲು ಬದಲಿಸಿಕೊಡಲು ಹೇಳಿ, ಬಹಳ ಸಲ ಅವನಿಗೂ ಏಜೆಂಟ್ ಅದನ್ನೇ ಕೊಟ್ಟು ಹೋಗಿರುತ್ತಾನೆ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಖಾಲಿ ಪಾಕೀಟನ್ನು ಬಿಸಾಡಬೇಡಿ. ಬ್ಯಾಚ್ ನಂಬರ್ ಅದರ ಮೇಲೇ ಇರುತ್ತದೆ, ಅವರು ಮೊದಲು ಕೇಳುವುದು ಅದನ್ನೇ.