ಸ್ಟೇಷನ್ ವ್ಯಾಗನ್ ಕಾಶಿಗೆ ಬಂದ ಬಗೆ

ಕಾಶಿಯಿಂದ ಗಂಗೆಯ ಆಚೆ ದಡದಲ್ಲಿ ರಾಮನಗರದ ಕೋಟೆಯಿದೆ. ಕಾಶೀ ನರೇಶರ ಅರಮನೆ ಅದು. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಪಲ್ಲಕ್ಕಿ, ಅಂಬಾರಿಗಳ ಜೊತೆ ಹಳೆಯ ಅಮೆರಿಕನ್ ಕಾರುಗಳೂ ನಿಂತಿವೆ. ಮೂರೂ ರಾಜವಾಹನಗಳೇ. ಆದರೆ ಸಾಮಾನ್ಯರ ಕೈಗೆಟುಕಿದ ಅಮೆರಿಕನ್ ವಾಹನ ಈ ಊರಿಗೆ ಬೇರೆ ದಾರಿಯಲ್ಲಿ ಬಂತು. ಅದರ ಕಥೆ ಅದರ ಹೆಸರಿನಲ್ಲೇ ಶುರುವಾಗುತ್ತದೆ.

ರೈಲು ನಿಲ್ದಾಣದಲ್ಲಿ ಇಳಿದವರನ್ನೂ ಅವರ ಪೆಟ್ಟಿಗೆಗಳನ್ನೂ ಹೋಟೆಲಿಗೋ ಹಳ್ಳಿಮನೆಗೋ ಮುಟ್ಟಿಸುವ ಬಂಡಿಯನ್ನು ಅಮೆರಿಕನ್ನರು ‘ಸ್ಟೇಷನ್ ವ್ಯಾಗನ್’ ಎಂದರು. ಬ್ರಿಟಿಷರು ಅದೇ ಆಕಾರದ ಕಾರಿಗೆ ‘ಎಸ್ಟೇಟ್’ ಎಂದರು. ಒಂದು ದೇಶಕ್ಕೆ ನೆನಪಾದದ್ದು ನಿಲ್ದಾಣ, ಇನ್ನೊಂದಕ್ಕೆ ಆಸ್ತಿ.

ಮೊದಲ ವ್ಯಾಗನ್‌ಗಳು ಮರದವು. ಫೋರ್ಡ್ ಮಾಡೆಲ್ ಟಿ ಗಾಡಿಯ ಚಾಸಿ ಕೊಂಡು, ಬಡಗಿಗಳಿಂದ ಮರದ ಮೈ ಕಟ್ಟಿಸಿ, ಒಳಗೆ ಸಾಲುಬೆಂಚು ಹಾಕಿಸುತ್ತಿದ್ದರು. 1929ರಲ್ಲಿ ಫೋರ್ಡ್ ಕಂಪನಿ ತಾನೇ ಮಾಡೆಲ್ ಎ ಚಾಸಿಯ ಮೇಲೆ ಇಂಥದ್ದನ್ನು ಮಾರಾಟಕ್ಕೆ ತಂದಿತು. ಆದರೆ ಮರವೆಂದರೆ ಕೈಕೆಲಸ, ಕೈಕೆಲಸವೆಂದರೆ ದುಡ್ಡು. ಮಳೆಬಿಸಿಲಿಗೆ ಕೀಲು ಸಡಿಲಾಗುತ್ತಿತ್ತು, ಆಗಾಗ ವಾರ್ನಿಷ್ ಬಳಿಯಬೇಕಿತ್ತು. ಬಾಡಿಗೆ ಬಂಡಿಯಾಗಿ ಹುಟ್ಟಿದ ವ್ಯಾಗನ್ ಹೀಗೆ ಉಳ್ಳವರ ಮನೆ ಸೇರಿತು.

ಅದನ್ನು ಮತ್ತೆ ಸಾಧಾರಣ ಕುಟುಂಬದ ಬಳಿಗೆ ತಂದದ್ದು ಯುದ್ಧಕಾಲದಲ್ಲಿ ಜೀಪು ಮಾಡಿದ್ದ ಟೊಲೆಡೊ ನಗರದ ವಿಲ್ಲಿಸ್ ಕಂಪನಿ. ಯುದ್ಧ ಮುಗಿದಾಗ ಅದಕ್ಕೆ ಕಾರಿನ ಮೈ ಮಾಡಿಕೊಡುವವರು ಸಿಗಲಿಲ್ಲ. ಗೃಹಬಳಕೆಯ ವಸ್ತುಗಳಿಗೆ ತಗಡು ಬಗ್ಗಿಸುವ ಕಾರ್ಖಾನೆಗಳನ್ನೇ ಹಿಡಿಯಬೇಕಾಯಿತು. ಅವರ ಯಂತ್ರಗಳು ತಗಡನ್ನು ಆರು ಅಂಗುಲಕ್ಕಿಂತ ಆಳವಾಗಿ ಒತ್ತಲಾರವು. ವಿನ್ಯಾಸಕಾರ ಬ್ರೂಕ್ಸ್ ಸ್ಟೀವನ್ಸ್ ಆ ಮಿತಿಯನ್ನೇ ಲೆಕ್ಕಕ್ಕಿಟ್ಟುಕೊಂಡು ಚಪ್ಪಟೆ ಪಕ್ಕೆಗಳ, ನೇರ ಗೆರೆಗಳ ಗಾಡಿಯೊಂದನ್ನು ಬರೆದರು. 1946ರಲ್ಲಿ ಬಂದ ಆ ವಿಲ್ಲಿಸ್ ಜೀಪ್ ಸ್ಟೇಷನ್ ವ್ಯಾಗನ್, ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಪೂರ್ಣ ಉಕ್ಕಿನ ವ್ಯಾಗನ್. ಹಳೆಯ ಅಭ್ಯಾಸ ಬಿಡದ ಗಿರಾಕಿಗಳಿಗಾಗಿ ಉಕ್ಕಿನ ಮೇಲೆ ಮರದ ಚೌಕಟ್ಟಿನಂತೆ ಕಾಣುವ ಬಣ್ಣ ಬಳಿದಿದ್ದರು. ಹಿಂದಿನ ಸೀಟು ತೆಗೆದರೆ ಸಾಮಾನಿಗೆ ಜಾಗ. 1949ರಿಂದ ನಾಲ್ಕೂ ಚಕ್ರಕ್ಕೆ ಶಕ್ತಿ ಹರಿಸುವ ಮಾದರಿಯೂ ಬಂತು. 1960ರ ದಶಕದ ನಡುವಿನ ತನಕ ಅಮೆರಿಕದಲ್ಲಿ ಇದರ ಎಲ್ಲ ಮಾದರಿಗಳೂ ಸೇರಿ 3 ಲಕ್ಷಕ್ಕೂ ಹೆಚ್ಚು ಗಾಡಿಗಳು ತಯಾರಾದವು. ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ನಗರದ ಹೊರವಲಯಕ್ಕೆ ಮನೆ ಬದಲಿಸುತ್ತಿದ್ದ ಅಮೆರಿಕನ್ ಕುಟುಂಬದ ಗುರುತೇ ವ್ಯಾಗನ್ ಆಯಿತು. 1984ರ ಮಾದರಿಗಳಾಗಿ ಬಂದ ಕ್ರೈಸ್ಲರ್ ಮಿನಿವ್ಯಾನ್‌ಗಳು ಆ ಜಾಗ ಕಿತ್ತುಕೊಂಡವು. 1996ಕ್ಕೆ ಅಲ್ಲಿನ ದೊಡ್ಡ ವ್ಯಾಗನ್‌ಗಳ ಕಾಲ ಮುಗಿಯಿತು.

ಭಾರತದಲ್ಲಿ ವ್ಯಾಗನ್ ಕುಟುಂಬದ ಕಾರಾಗಲೇ ಇಲ್ಲ. 1992ರ ಟಾಟಾ ಎಸ್ಟೇಟ್, ಆಮೇಲೆ ಬಲೆನೊ ಆಲ್ಟುರಾ, ಇಂಡಿಗೊ ಮರೀನಾ ಎಲ್ಲವೂ ಬಂದು ಹೋದವು. ಕಾರೆಂದರೆ ಹಿಂದೆ ಬೇರೆಯಾಗಿ ಡಿಕ್ಕಿ ಇರಬೇಕು ಎನ್ನುವವರಿಗೆ ಉದ್ದ ಬೆನ್ನಿನ ಗಾಡಿ ಆಂಬುಲೆನ್ಸಿನಂತೆ ಕಾಣುತ್ತಿತ್ತು.

ಹೆಸರು ನಿಲ್ಲಲಿಲ್ಲ, ಕೆಲಸ ನಿಂತಿತು. 1945ರಲ್ಲಿ ಲುಧಿಯಾನದಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಹುಟ್ಟಿದ ಮಹೀಂದ್ರ ಕಂಪನಿ, 1940ರ ದಶಕ ಮುಗಿಯುವ ಮೊದಲೇ ಮುಂಬಯಿಯಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸತೊಡಗಿತ್ತು. ಮುಂದೆ ಜೀಪಿನ ಚಾಸಿ ಉದ್ದವಾಯಿತು, ತಲೆಯ ಮೇಲೆ ಗಟ್ಟಿ ಚಾವಣಿ ಬಂತು, ಹಿಂದೆ ಎದುರುಬದುರು ಬೆಂಚು ಬಂತು, ಮೇಲೆ ಕ್ಯಾರಿಯರ್ ಬಂತು. ಕಮಾಂಡರ್, ಟ್ರೆಕ್ಕರ್, ಮಾರ್ಷಲ್, 1994ರ ಟಾಟಾ ಸುಮೊ, 2000ದ ಬೊಲೆರೊ: ಹೆಸರು ಯಾವುದೇ ಇರಲಿ, ಊರವರ ಬಾಯಲ್ಲಿ ಎಲ್ಲವೂ ‘ಜೀಪು’. ಅಮೆರಿಕದಲ್ಲಿ ಒಂದು ಗಾಡಿಗೆ ಒಂದು ಕುಟುಂಬ. ಇಲ್ಲಿ ಒಂದು ಗಾಡಿಗೆ ಒಂದು ಊರು. ಕೊಳ್ಳಲಾಗದವರು ಸೀಟಿನ ಲೆಕ್ಕದಲ್ಲಿ ಹಂಚಿಕೊಂಡರು.

ಇಲ್ಲೊಂದು ಪದ ಗಮನಿಸಬೇಕು. ಕನ್ನಡದಲ್ಲಿ ‘ಸವಾರಿ’ ಎಂದರೆ ಪಯಣ, ಅದೂ ಠೀವಿಯ ಪಯಣ. ಬನಾರಸಿನ ಚಾಲಕನಿಗೆ ‘ಸವಾರಿ’ ಎಂದರೆ ಪ್ರಯಾಣಿಕ, ಒಂದು ತಲೆ, ಒಂದು ಸೀಟಿನ ಬಾಡಿಗೆ. ಕ್ಯಾಂಟ್ ಸ್ಟೇಷನ್ನಿನ ಹೊರಗೆ ಗಂಟುಮೂಟೆ ಹೊತ್ತು ನಿಂತ ಯಾತ್ರಿಕರ ಗುಂಪು ಅವನಿಗೆ ಇಷ್ಟು ಸವಾರಿ. ನಿಲ್ದಾಣದಿಂದ ಜನರನ್ನೂ ಸಾಮಾನನ್ನೂ ಒಟ್ಟಿಗೆ ಒಯ್ಯುವುದು ಎಂಬ ಹಳೆಯ ಅರ್ಥ ಅಲ್ಲಿ ಹಾಗೇ ಉಳಿದಿದೆ.

ಆದರೆ ಟೊಲೆಡೊದಲ್ಲಿ ಯಾರೂ ಊಹಿಸಿರದ ಕೆಲಸವೊಂದನ್ನು ಕಾಶಿ ಈ ಗಾಡಿಗೆ ಕೊಟ್ಟಿತು. ಪೂರ್ವ ಉತ್ತರ ಪ್ರದೇಶದ, ಬಿಹಾರದ ಹಳ್ಳಿಗಳಿಂದ ಶವಗಳು ಮಣಿಕರ್ಣಿಕಾ, ಹರಿಶ್ಚಂದ್ರ ಘಾಟುಗಳಿಗೆ ಬರುವುದು ಜೀಪಿನ ಚಾವಣಿಯ ಮೇಲೆ. ಬಿದಿರಿನ ಚಟ್ಟವನ್ನು ಕ್ಯಾರಿಯರಿಗೆ ಹಗ್ಗದಿಂದ ಬಿಗಿಯುತ್ತಾರೆ. ಮಗ, ಅಣ್ಣತಮ್ಮಂದಿರು, ನೆರೆಯವರು ಒಳಗೆ ಒತ್ತಾಗಿ ಕೂರುತ್ತಾರೆ. ಶವಕ್ಕೆಂದೇ ಬೇರೆ ಗಾಡಿ ಗೊತ್ತುಮಾಡುವಷ್ಟು ದುಡ್ಡಿಲ್ಲದವರಿಗೂ ತಂದೆತಾಯಿಗೆ ಕಾಶಿಯ ಬೆಂಕಿ ಕೊಡಿಸಲು ಸಾಧ್ಯವಾದದ್ದರಲ್ಲಿ ಈ ಚಪ್ಪಟೆ ಚಾವಣಿಯ ಪಾಲೂ ಇದೆ. ಮಣಿಕರ್ಣಿಕೆಯ ಗಲ್ಲಿಗಳಿಗೆ ಗಾಡಿ ಹೋಗದು. ಮುಖ್ಯರಸ್ತೆಯಲ್ಲಿ ಹಗ್ಗ ಬಿಚ್ಚಿ, ಅಲ್ಲಿಂದ ಹೆಗಲ ಮೇಲೆ.

ಹರಿಶ್ಚಂದ್ರ ಘಾಟಿನ ಪಕ್ಕದಲ್ಲೇ ಕರ್ನಾಟಕ ಘಾಟ್ ಇದೆ. ಮೀಯಲು ಬಂದ ಕನ್ನಡ ಯಾತ್ರಿಕರಿಗೂ ಪಕ್ಕದಲ್ಲಿ ಚಿತೆ ಆರುವುದನ್ನು ಕಾಯುವವರಿಗೂ ನಡುವೆ ಕೆಲವೇ ಮೆಟ್ಟಿಲು. ಇಬ್ಬರೂ ಬಹುಪಾಲು ಒಂದೇ ಬಗೆಯ ಗಾಡಿಯಲ್ಲಿ ಬಂದವರು, ಒಬ್ಬರು ಸ್ಟೇಷನ್ನಿನಿಂದ, ಇನ್ನೊಬ್ಬರು ಊರಿನಿಂದ. ಹಿಂದಿರುಗುವಾಗ ಯಾತ್ರಿಕರ ಗಾಡಿಯ ಮೇಲೆ ಗಂಗಾಜಲದ ಕ್ಯಾನುಗಳಿರುತ್ತವೆ. ಇನ್ನೊಂದರ ಚಾವಣಿಯಲ್ಲಿ ಸುತ್ತಿಟ್ಟ ಹಗ್ಗ ಮಾತ್ರ.