ಕಾರ್ಲ್ ಕೋರ್ಡೆಶ್‌ನ ಆಸ್ಟಿನ್ ಕಾರು

ಜಲಜನಕವನ್ನು ಹೊತ್ತಿಸದೆಯೇ ಆಮ್ಲಜನಕದೊಡನೆ ಕೂಡಿಸಿ, ಆ ಸಂಯೋಗದಿಂದ ನೀರಿನ ಜೊತೆಗೆ ವಿದ್ಯುತ್ತನ್ನೂ ಪಡೆಯಬಹುದೆಂಬುದನ್ನು ವಿಲಿಯಂ ಗ್ರೋವ್ 1839ರಷ್ಟು ಹಿಂದೆಯೇ ಕಂಡುಕೊಂಡಿದ್ದನಾದರೂ, ಆ ತತ್ತ್ವವು ಪ್ರಯೋಗಶಾಲೆಯ ಹೊಸ್ತಿಲು ದಾಟಿ, ಜನ ಸಂಚರಿಸುವ ಬೀದಿಯಲ್ಲಿ ಗಾಡಿಯೊಂದನ್ನು ದಿನದಿನವೂ ನಡೆಸುವಷ್ಟು ಪಳಗಲು ನೂರಮೂವತ್ತು ವರ್ಷಗಳೇ ಬೇಕಾದುವು. 1966ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು ಯೂನಿಯನ್ ಕಾರ್ಬೈಡ್‌ನ ಇಂಧನಕೋಶಗಳನ್ನು, ಎಂದರೆ ಇದೇ ತತ್ತ್ವದಿಂದ ವಿದ್ಯುತ್ತನ್ನೀಯುವ ಸಾಧನಗಳನ್ನು, ಅಳವಡಿಸಿ ಸಿದ್ಧಪಡಿಸಿದ ಎಲೆಕ್ಟ್ರೋವ್ಯಾನ್, ದ್ರವರೂಪದ ಜಲಜನಕ, ಆಮ್ಲಜನಕಗಳ ಟ್ಯಾಂಕುಗಳಿಂದಲೂ ಕೊಳವೆಗಳಿಂದಲೂ ತನ್ನ ಒಡಲನ್ನೆಲ್ಲ ತುಂಬಿಕೊಂಡು, ಇಬ್ಬರು ಕುಳಿತುಕೊಳ್ಳಲಷ್ಟೇ ಎಡೆಯುಳಿಸಿ, ಕಡೆಗೆ ಸಂಸ್ಥೆಯ ಆವರಣದೊಳಗೇ ಉಳಿದುಹೋಯಿತು. ಇಂಧನಕೋಶವೊಂದೇ ಸಮಸ್ತ ಭಾರವನ್ನೂ ಹೊರಬೇಕೆಂಬ ಹಟದ ಫಲವದು.

ಆ ಹಟವನ್ನು ತೊರೆದವನು ಅದೇ ಯೂನಿಯನ್ ಕಾರ್ಬೈಡ್‌ನಲ್ಲಿ ದುಡಿಯುತ್ತಿದ್ದ ಕಾರ್ಲ್ ಕೋರ್ಡೆಶ್. ವಿಯೆನ್ನಾದಲ್ಲಿ 1922ರಲ್ಲಿ ಹುಟ್ಟಿ, ಮಹಾಯುದ್ಧದ ತರುವಾಯ ಅಮೆರಿಕೆಗೆ ಬಂದ ಈ ರಸಾಯನಶಾಸ್ತ್ರಜ್ಞನು, ಇಂದು ಮನೆಮನೆಯಲ್ಲಿ ಬಳಕೆಯಲ್ಲಿರುವ ಕ್ಷಾರೀಯ ಬ್ಯಾಟರಿಯ ನಿರ್ಮಾತೃಗಳಲ್ಲಿಯೂ ಒಬ್ಬನಾದುದರಿಂದ, ಬ್ಯಾಟರಿಯ ಬಲವನ್ನೂ ಇಂಧನಕೋಶದ ಮಿತಿಯನ್ನೂ ಸಮನಾಗಿ ಬಲ್ಲವನಾಗಿದ್ದನು. 1970ರ ಸುಮಾರಿಗೆ, ಒಹಾಯೋ ರಾಜ್ಯದ ಕ್ಲೀವ್‌ಲೆಂಡ್ ಪ್ರಾಂತದಲ್ಲಿ, ಆತನು ಒಂದು ಆಸ್ಟಿನ್ ಎ-40 ಕಾರಿನ ಪೆಟ್ರೋಲ್ ಎಂಜಿನನ್ನು ಕಿತ್ತು, ಸುಮಾರು 6 ಕಿಲೋವ್ಯಾಟಿನ ಕ್ಷಾರೀಯ ಇಂಧನಕೋಶವನ್ನೂ ಸೀಸ-ಆಮ್ಲದ ಬ್ಯಾಟರಿಗಳನ್ನೂ ಅದರಲ್ಲಿ ಒಟ್ಟಿಗೆ ಜೋಡಿಸಿ, ಜಲಜನಕದ ಸಿಲಿಂಡರುಗಳನ್ನು ಮೇಲ್ಛಾವಣಿಗೆ ಬಿಗಿದು, ಒಮ್ಮೆ ತುಂಬಿಸಿದರೆ ಸುಮಾರು 300 ಕಿಲೋಮೀಟರು ಓಡುತ್ತಿದ್ದ ಆ ವಾಹನವನ್ನು ಮೂರು ವರ್ಷಗಳ ಕಾಲ ಸಾರ್ವಜನಿಕ ರಸ್ತೆಗಳಲ್ಲಿ ತನ್ನ ಸ್ವಂತ ಓಡಾಟಕ್ಕೇ ಬಳಸಿದನು. ಎಲೆಕ್ಟ್ರೋವ್ಯಾನಿಗೆ ಇತಿಹಾಸಕಾರರು ಎಷ್ಟೇ ಮನ್ನಣೆಯನ್ನಿತ್ತರೂ, ಇಂಧನಕೋಶದ ನಗರವಾಹನಗಳ ವಂಶಾವಳಿಯಲ್ಲಿ ಮೂಲಪುರುಷನ ಸ್ಥಾನವು ಈ ಪುಟ್ಟ ಆಸ್ಟಿನಿಗೇ ಸಲ್ಲತಕ್ಕದ್ದೆಂದು ನಾನು ದೃಢವಾಗಿ ನಂಬಿದ್ದೇನೆ.

ಏಕೆಂದರೆ ನಗರದಲ್ಲಿ ಓಡುವ ಗಾಡಿಗೆ ಬೇಕಾದ ಶಕ್ತಿಯು ಏಕಪ್ರಕಾರವಾದುದಲ್ಲ. ನಿಂತಲ್ಲಿಂದ ಹೊರಡುವಾಗಲೂ ದಿಣ್ಣೆಯೇರುವಾಗಲೂ ಕ್ಷಣಕಾಲ ಅಪಾರ ಬಲ ಬೇಕು, ಉಳಿದ ಹೊತ್ತು ಅಲ್ಪವೇ ಸಾಕು. ಸಣ್ಣ ತೂಬಿನಿಂದ ಎಡೆಬಿಡದೆ ಹರಿದುಬರುವ ನೀರನ್ನು ತೊಟ್ಟಿಯಲ್ಲಿ ಕೂಡಿಟ್ಟು, ಬೇಕಾದಾಗ ಬಿಂದಿಗೆಗಟ್ಟಲೆ ಮೊಗೆದುಕೊಳ್ಳುವಂತೆ, ಕೋರ್ಡೆಶ್ ಇಂಧನಕೋಶದಿಂದ ಸರಾಸರಿ ಶಕ್ತಿಯನ್ನಷ್ಟೇ ಬೇಡಿ, ಹಠಾತ್ತಾದ ಬೇಡಿಕೆಗಳನ್ನೆಲ್ಲ ಬ್ಯಾಟರಿಗೆ ಒಪ್ಪಿಸಿದನು. ಅಷ್ಟೇ ಅಲ್ಲ, ಕಾರು ನಿಂತಿರುವಾಗ ಕೋಶದಿಂದ ಕ್ಷಾರದ್ರಾವಣವನ್ನು ಬಸಿದುಬಿಟ್ಟು ಅದರ ಆಯುಷ್ಯವನ್ನು ಹೆಚ್ಚಿಸುವ ಉಪಾಯವೂ ಆತನಿಗೆ ಸಾಧ್ಯವಾದುದು, ಕೋಶವು ಮತ್ತೆ ಸಿದ್ಧವಾಗುವವರೆಗೆ ಗಾಡಿಯನ್ನೆಳೆಯಲು ಬ್ಯಾಟರಿಯಿದ್ದುದರಿಂದಲೇ.

ಇಷ್ಟು ಸ್ಪಷ್ಟವಾದ ಈ ಪಾಠವನ್ನು ಮುಂದಿನವರು ಕೂಡಲೇ ಅನುಸರಿಸಲಿಲ್ಲವೆಂಬುದು ಖೇದಕರ. 2003ರಿಂದ ಹ್ಯಾಂಬರ್ಗ್, ಲಂಡನ್, ಮ್ಯಾಡ್ರಿಡ್ ಮೊದಲಾದ ಯುರೋಪಿನ ಒಂಬತ್ತು ನಗರಗಳಲ್ಲಿ ಸಂಚರಿಸಿದ 27 ಸಿಟಾರೋ ಬಸ್ಸುಗಳು ಇಂಧನಕೋಶವೊಂದನ್ನೇ ನೆಚ್ಚಿದ್ದವು. ಪ್ರತಿ ನಿಲ್ದಾಣದಲ್ಲಿಯೂ ಬ್ರೇಕು ಹಾಕಿದಾಗ ಮರಳಿ ದೊರೆಯಬಹುದಾಗಿದ್ದ ಶಕ್ತಿಯು, ಕೂಡಿಡುವ ಬ್ಯಾಟರಿಯಿಲ್ಲದೆ, ಬರಿದೇ ಶಾಖವಾಗಿ ವ್ಯಯವಾಗುತ್ತಿತ್ತು. 2009ರಲ್ಲಿ ರೂಪುಗೊಂಡ ಮುಂದಿನ ಪೀಳಿಗೆಯ ಸಿಟಾರೋದಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಇಂಧನಕೋಶದ ಜೊತೆಗೂಡಿಸಿದ ಬಳಿಕ, ಜಲಜನಕದ ಖರ್ಚು ಹಿಂದಿನದರ ಸುಮಾರು ಅರ್ಧಕ್ಕಿಳಿಯಿತು.